ಉಗ್ರಾಣದಲ್ಲಿ ಇಲ್ಲದ ಬೆಳಕು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಟೈಲರ್ ಅಂಗಡಿಯ ಯಜಮಾನಿ ಠಾಣೆಗೆ ಬಂದು ದೂರು ಕೊಟ್ಟರು. ಗಿರಾಕಿಯೊಬ್ಬರು ಮಗಳ ಮದುವೆಗೆಂದು ಹೊಲಿಯಲು ಕೊಟ್ಟಿದ್ದ ಆರು ಮೀಟರ್ ರೇಷ್ಮೆ ಉಗ್ರಾಣದಿಂದ ಕಾಣೆಯಾಗಿತ್ತು. ಸೋಮವಾರ ಸಂಜೆ ಆರಕ್ಕೆ ಕಾಜಾ ಹಾಕುವ ಹೆಂಗಸು ಅದನ್ನು ಚೀಲಕ್ಕೆ ತುರುಕುವುದನ್ನು ಬಾಗಿಲಿನಿಂದಲೇ ಕಂಡೆ ಎಂದು ಕಟಿಂಗ್ ಮಾಸ್ಟರ್ ಹೇಳಿಕೆ ಕೊಟ್ಟ. ಎಫ್‌ಐಆರ್ ದಾಖಲಾಯಿತು.

ಕಾನ್‌ಸ್ಟೆಬಲ್ ಹೋಗಿ ಪಂಚನಾಮೆ ಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆದು ತಂದ. ಅದರಲ್ಲಿ ಉಗ್ರಾಣದ ಮೂಲೆಯ ದಾರದುಂಡೆಯ ಬಣ್ಣವೂ ಕಾಣುತ್ತಿತ್ತು. ಇನ್‌ಸ್ಪೆಕ್ಟರ್ ಕುರ್ಚಿ ಬಿಟ್ಟೇಳದೆ ಅದನ್ನು ನೋಡಿ, ಇಷ್ಟು ಬೆಳಕಿದ್ದರೆ ಬಾಗಿಲಿನಿಂದ ಕಂಡೇ ಕಾಣುತ್ತದೆ ಎಂದು ಸಾಕ್ಷಿಯನ್ನು ನಂಬಿದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಈ ಮಹಾನುಭಾವರು ಪ್ರತ್ಯಕ್ಷವಾಗಿಯೂ ಕಂಡಿರಲಿಲ್ಲ. ಹೆಂಗಸನ್ನು ಠಾಣೆಗೆ ಕರೆಸಿದರು.

"ಬಟ್ಟೆ ಎಲ್ಲಿ?"

"ಗೊತ್ತಿಲ್ಲ ಸಾರ್," ಎಂದಳು ಹೆಂಗಸು.

"ಚೀಲದಲ್ಲಿ ಏನಿತ್ತು?"

"ಊಟದ ಡಬ್ಬಿ."

"ನಮ್ಮ ಕಿವಿಗೆ ಹೂವಿಡ್ಬೇಡ."

ಮಧ್ಯಾಹ್ನ ಅವಳ ಮನೆ ಜಾಲಾಡಿದರು. ಪೆಟ್ಟಿಗೆಗಳನ್ನು ಬೀದಿಗೆ ತಂದು ಸುರಿದರು. ನೆರೆಹೊರೆಯವರೆಲ್ಲ ನೆರೆದಿದ್ದರು; ಅವಳ ಮಗಳು ಬಾಗಿಲಲ್ಲೇ ನಿಂತಿದ್ದಳು. ಏನೂ ಸಿಗಲಿಲ್ಲ. ಆದರೂ ಯಜಮಾನಿ ಅವಳನ್ನು ಕೆಲಸದಿಂದ ತೆಗೆದರು.

ಬುಧವಾರ 11.40. ಠಾಣೆಯ ಶೆಡ್ಡಿನಲ್ಲಿ ಕಾನ್‌ಸ್ಟೆಬಲ್ ಜಪ್ತಿಯಾದ ಸ್ಕೂಟರಿನ ಫೋಟೋ ತೆಗೆಯುತ್ತಿದ್ದಾಗ ಇನ್‌ಸ್ಪೆಕ್ಟರ್ ಅಡ್ಡ ಹಾದರು. ಫೋಟೋದಲ್ಲಿ ಅವರು ಎರಡೆರಡಾಗಿ, ಮಸುಕಾಗಿ ಬಂದಿದ್ದರು.

"ಇದೇನಯ್ಯಾ, ನನ್ನನ್ನ ದೆವ್ವ ಮಾಡಿದೀಯ?"

"ಎಚ್‌ಡಿಆರ್ ಸಾರ್. ಕಪ್ಪಗೊಂದು, ಬೆಳ್ಳಗೊಂದು, ನಡುವೆ ಒಂದು ಅಂತ ಮೂರು ತೆಗೆದು ಆ್ಯಪ್ಪೇ ಸೇರಿಸತ್ತೆ, ಅಷ್ಟರಲ್ಲಿ ನೀವು ಹಾದ್ರಿ. ಕತ್ತಲೆ ಕೋಣೆನೂ ಫಳಫಳ ಅನ್ನತ್ತೆ..." ಅವನು ಮೊಬೈಲಿನಲ್ಲಿ ಮಂಗಳವಾರದ ಫೋಟೋ ತೆರೆದ. "ಸಾರ್, ಉಗ್ರಾಣದಲ್ಲೂ ಅದು ಆನ್ ಇತ್ತು."

"ಅಲ್ಲಿ ಎಷ್ಟು ಬೆಳಕಿತ್ತು?"

"ಬಲ್ಬೂ ಇರ್ಲಿಲ್ಲ, ಕಿಟಕಿನೂ ಇರ್ಲಿಲ್ಲ. ತಡಕಾಡ್ಕೊಂಡೇ ಒಳಗೆ ಹೋಗಿದ್ದೆ."

ಫೋಟೋ ಚೆನ್ನಾಗಿ ಬರಲಿ ಎಂಬ ಶೋಕಿ ಅವನದು, ಕೂತಲ್ಲೇ ತೀರ್ಪು ಕೊಟ್ಟ ಸೋಮಾರಿತನ ಇವರದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತರು.

ಸಂಜೆ ಆರಕ್ಕೆ ಇನ್‌ಸ್ಪೆಕ್ಟರ್ ಉಗ್ರಾಣದ ಬಾಗಿಲಲ್ಲಿ ನಿಂತರು. ಒಳಗೆ ಕಾಡಿಗೆಗತ್ತಲೆ. ಕಾನ್‌ಸ್ಟೆಬಲನ್ನು ಒಳಗೆ ನಿಲ್ಲಿಸಿ ಮಾಸ್ಟರನ್ನು ಕರೆಸಿದರು.

"ಒಳಗೆ ನಿಂತಿರೋದು ಯಾರು?"

ಮಾಸ್ಟರ್ ಕಣ್ಣು ಕಿರಿದಾಗಿಸಿ ಇಣುಕಿದ.

"ಹೋಗಲಿ, ಗಂಡೋ ಹೆಣ್ಣೋ ಹೇಳು."

ಅವನು ಹೊಸ್ತಿಲ ಮೇಲೆ ಕೂತು ಎಲ್ಲ ಒಪ್ಪಿಕೊಂಡ. ರೇಷ್ಮೆ ಅವನ ಮೇಜಿನಡಿಯ ಚಿಂದಿಮೂಟೆಯಲ್ಲೇ ಇತ್ತು, ಅಡ್ಡಾದಿಡ್ಡಿ ಕತ್ತರಿಸಿದ ಸ್ಥಿತಿಯಲ್ಲಿ.

"ಎರಡೂ ಕಣ್ಣಿಗೆ ಪೊರೆ ಬಂದಿದೆ ಸಾರ್. ಚಾಕಿನ ಗೆರೆ ಕಾಣ್ಲಿಲ್ಲ. ಮೂವತ್ತು ವರ್ಷ ಮಾಸ್ಟರ್ ಅನ್ನಿಸ್ಕೊಂಡೋನು, ಕಣ್ಣು ಕಾಣಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

"ಅವಳ ಹೆಸರೇ ಯಾಕೆ ಹೇಳ್ದೆ?"

"ದಿನಾ ನನ್ನ ಸೂಜಿಗೆ ದಾರ ಪೋಣಿಸಿಕೊಡ್ತಿದ್ದಳು. ನನಗೆ ಕಣ್ಣು ಕಾಣಲ್ಲ ಅಂತ ಅವಳೊಬ್ಬಳಿಗೇ ಗೊತ್ತಿತ್ತು."

6.50ಕ್ಕೆ ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಕರೆದೊಯ್ಯುವಾಗ ಮೆಟ್ಟಿಲು ಕಾಣದೆ ಎಡವಿದ. ಕಾನ್‌ಸ್ಟೆಬಲ್ ತೋಳು ಹಿಡಿದುಕೊಂಡ.

ಗುರುವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಅವಳ ಮನೆಗೆ ಹೋದರು. ಕೆಲಸ ವಾಪಸ್ ಸಿಕ್ಕಿದೆ ಎಂದು ತಿಳಿಸಿ, ತಗ್ಗಿದ ದನಿಯಲ್ಲಿ "ತಪ್ಪಾಯ್ತಮ್ಮ" ಎಂದರು.

"ಹುಡುಕುವಾಗ ಬೀದಿಯೋರೆಲ್ಲ ಇದ್ರು ಸಾರ್," ಎಂದಳು ಅವಳು. "ಈಗ ಯಾರೂ ಇಲ್ಲ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಪಕ್ಕದ ಮನೆಯ ಬಾಗಿಲು ತಟ್ಟಿ, "ಸ್ವಲ್ಪ ಹೊರಗೆ ಬನ್ನಿ" ಎಂದರು. ಆಮೇಲೆ ಅದರಾಚೆಯ ಮನೆಗೆ ಹೋದರು.