ಕರೆಂಟಿದ್ದೂ ಓಡದ ಮೋಟರು

ಹಾಸನದ ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಆಗ ಗೊತ್ತಾಯಿತು—ಕವನಾಳ ಓಟದ ಶೂ ಮಾಯ!

“ರಾತ್ರಿ ಮಂಚದ ಕೆಳಗೇ ಇಟ್ಟಿದ್ದೆ ಕಣಕ್ಕಾ! ಜಿಲ್ಲಾ ತಂಡದ ಆಯ್ಕೆ ಇವತ್ತೇ. ತಪ್ಪಿದ್ರೆ ಇನ್ನೊಂದು ವರ್ಷ ಕಾಯ್ಬೇಕು.”

ಬಿಂದುಶ್ರೀ ಬಗ್ಗಿ ಮಂಚದ ಕೆಳಗೆ ಕಣ್ಣಾಡಿಸಿದಳು. ಹಾಸನದ ಆಸ್ಪತ್ರೆಯೊಂದರಲ್ಲಿ ಹೃದಯದ ಸ್ಕ್ಯಾನಿಂಗ್ ಮಾಡುವ ಆಕೆ, ಚಿಕ್ಕಪ್ಪನ ಮಗಳನ್ನು ಕರೆದೊಯ್ಯಲೆಂದೇ ಹಿಂದಿನ ಸಂಜೆ ಹರದನಹಳ್ಳಿಗೆ ಬಂದಿದ್ದಳು. ಊಹೆಗೆ ಮುನ್ನ ಪರಿಶೀಲನೆ ಎಂಬುದು ಅವಳ ಪದ್ಧತಿ.

ಕವನಾಳ ತಾಯಿ ಮಾಯಮ್ಮನಿಗಂತೂ ಸಂಶಯವೇ ಇರಲಿಲ್ಲ. “ಪಕ್ಕದ ಬೀದಿ ಯಶಸ್ವಿನೀದೇ ಕೆಲ್ಸ! ಓಟದಲ್ಲಿ ಸೋತು ಸೋತು ಒಟ್ಟೆ ಉರ್ಕಂಡವ್ಳೆ. ಬೆಳಿಗ್ಗೇನೇ ಬಂದು ಕೂಗುದ್ಲು.”

“ಒಳಗೆ ಬಂದಳಾ ಚಿಕ್ಕಮ್ಮ?”

“ನಾನು ನೋಡ್ನಿಲ್ಲ.”

ಬಿಂದುಶ್ರೀ ಅಂಗಳ ನೋಡಿದಳು. ಸಗಣಿನೀರು ಇನ್ನೂ ಆರಿರಲಿಲ್ಲ. ರಸ್ತೆಯಂಚಿನವರೆಗೆ ಒಬ್ಬರದೇ ಹೆಜ್ಜೆಗುರುತುಗಳು; ಅಲ್ಲಿಂದಲೇ ಹಿಂತಿರುಗಿದ್ದವು. ರಂಗೋಲಿಯ ಒಂದೆಳೆಯೂ ಅಳಿಸಿರಲಿಲ್ಲ.

“ಅವಳು ಬಾಗಿಲಿಗೇ ಬಂದಿಲ್ಲ. ಕದ್ದವರು ಮನೆಯವರೇ. ಚಿಕ್ಕಪ್ಪಾ, ನೀವೇನಂತೀರಿ?”

ತಮ್ಮಯ್ಯ ಜಗಲಿ ಬಿಟ್ಟು ಏಳಲಿಲ್ಲ. “ನಾಯಿ ಎತ್ಕಂಡೋಗಿರ್ಬೇಕು ಬುಡವ್ವ. ಓಡ್ದಿದ್ರೆ ಏನು ಪ್ರಾಣ ಓಯ್ತದಾ?”

“ಎರಡೂನೂವಾ?” ಕವನಾ ರೇಗಿದಳು. “ಕಾಲಿಗಾಕ್ಕಂಡು ಓಯ್ತೇನೋ!”

ಸುತ್ತಲ ಗದ್ದೆಗಳಲ್ಲಿ ಮೋಟರುಗಳು ಗುಂಯ್‌ಗುಡುತ್ತಿದ್ದವು. ಬಿಂದುಶ್ರೀ ಕಿವಿಗೊಟ್ಟಳು; ಹಿತ್ತಿಲ ಬಾವಿಯ ಕಡೆಯಿಂದ ಮಾತ್ರ ಸದ್ದಿಲ್ಲ. ಸರ್ರನೆ ತಿರುಗಿದಳು.

“ಚಿಕ್ಕಪ್ಪಾ, ತ್ರೀಫೇಸ್ ಕರೆಂಟ್ ಬಂದಿದೆ. ನಿಮ್ಮ ಮೋಟರ್ ಯಾಕೆ ಓಡ್ತಿಲ್ಲ?”

“ಆಕೋಣ ತಗೋ...”

“ತ್ರೀಫೇಸ್ ಬಂತಂದ್ರೆ ಊಟದ ತಟ್ಟೆ ಬಿಟ್ಟು ಓಡೋರು ನೀವು. ಇವತ್ತು ಏಳ್ತಾನೇ ಇಲ್ಲ. ಯಾಕೆ? ಮೋಟರ್ ಹಾಕೋಕೆ ಹಿತ್ತಿಲಿನ ಸ್ಟಾರ್ಟರ್ ಪೆಟ್ಟಿಗೆ ತೆಗೀಬೇಕು. ನಮ್ಮ ಕಣ್ಣೆದುರು ತೆಗೆಯೋ ಹಾಗಿಲ್ಲ—ಶೂ ಅದರಲ್ಲೇ ಇವೆ. ಬೀಗದ ಕೈ ನಿಮ್ಮ ಉಡಿದಾರದಲ್ಲಿದೆ. ಕದ್ದವರು ನೀವೇ!”

“ಊಂ, ನಾನೇ!” ತಮ್ಮಯ್ಯ ಸಿಡಿದೆದ್ದ. “ಇವ್ಳ ಎದೇಲಿರೋ ವಾಲು ಉಬ್ಬೈತೆ ಅಂತ ಡಾಕ್ಟ್ರೇ ಅಂದ್ರು. ಬಾವಿ ಪೈಪಿನ ಬುಡದ ಫುಟ್‌ವಾಲು ಸಡ್ಲ ಆದ್ರೆ ನೀರೆಲ್ಲ ಇಂದಕ್ಕೋಗಿ, ಮೋಟರು ಬರಿದೇ ಓಡಿ ಸುಟ್ಟೋಯ್ತದೆ. ಮಗ್ಳನ್ನೂ ಸುಡ್ಲಾ?”

“ಫುಟ್‌ವಾಲ್ವಿನ ರಬ್ಬರು ಉಬ್ಬಿದ್ರೂ ಬಾಯಿ ಪೂರ್ತಿ ಮುಚ್ಚಿದ್ರೆ ನೀರು ಸೋರುತ್ತಾ?”

“...ಇಲ್ಲ.”

“ಇವಳ ಹೃದಯದ ಕವಾಟವೂ ಹಾಗೇ. ಉಬ್ಬುತ್ತೆ, ಆದ್ರೆ ಮುಚ್ಚುತ್ತೆ. ರಕ್ತ ಹಿಂದಕ್ಕೆ ಸೋರ್ತಿಲ್ಲ, ಬಡಿತ ತಾಳ ತಪ್ಪಿಲ್ಲ. ಎಷ್ಟೋ ಜನ ಇದನ್ನಿಟ್ಟುಕೊಂಡೇ ಆರಾಮಾಗಿ ಬಾಳ್ತಾರೆ. ಸೋರಿಕೆ ಹೆಚ್ಚಿದ್ರೆ, ಓಡುವಾಗ ಮೂರ್ಛೆ ಬಂದ್ರೆ, ಬಡಿತ ದಿಕ್ಕೆಟ್ಟರೆ—ಆಗ ಅಪಾಯ. ಅದಕ್ಕೇ ಆಗಾಗ ಪರೀಕ್ಷೆ. ಓಡಿಸಿ ನೋಡಿಯೇ ಡಾಕ್ಟರು ಒಪ್ಪಿದ್ದು.”

“ಉಬ್ಬಿದ್ದು ಉಬ್ಬಿದ್ದೇ. ಬೀಗ ತೆಗ್ಯಾಕಿಲ್ಲ!”

“ಇಟ್ಕೊಳಪ್ಪಾ,” ಕವನಾ ಸೆಟೆದು ನಿಂತಳು. “ಸೋರಿದ ದಿನ ನಾನೇ ನಿಲ್ಸ್ತೀನಿ. ಸೋರದ ಎದೆಗೆ ಬೀಗ ಹಾಕ್ಬ್ಯಾಡ.”

ಜಗಲಿಯಿಂದ ಧುಮುಕಿದವಳೇ ಬರಿಗಾಲಲ್ಲಿ ಬಸ್ಸಿನ ದಾರಿ ಹಿಡಿದು ಓಡಿದಳು.

“ಮುಳ್ಳೈತೆ ಕಣವ್ವಾ, ನಿಂತ್ಕೋ!”

ತಮ್ಮಯ್ಯ ಹಿತ್ತಿಲಿಗೆ ನುಗ್ಗಿದ. ತಗಡಿನ ಬಾಗಿಲು ಬಡಿದ ಸದ್ದು. ಕೈಗೊಂದು ಶೂ ಹಿಡಿದು, ಏದುಸಿರು ಬಿಡುತ್ತ ಮಗಳ ಹಿಂದೆ ಓಡಿದ.

ತಿರುವಿನಲ್ಲಿ ಕವನಾ ನಿಂತು ನೋಡಿದಳು. ಅವಳ ಉಸಿರು ಒಂದಿಷ್ಟೂ ಏರಿರಲಿಲ್ಲ.

“ಈಗೇಳಪ್ಪಾ—ಯಾರ ವಾಲು ಸಡ್ಲ?”