ಮಾಬುಬೀಯ ಗೋಡೆಗೆ ಬಿದ್ದ ಬೆಳಕು

"ಟೀಚರ್, ನನ್ನ ಗಾಡೀ ಕಣ್ಣು ಕಿತ್ತಾರ್ರೀ!" ಎನ್ನುತ್ತ ಮುಕ್ತಿಯಾರ್ ರೇಣುಕಮ್ಮನ ಮನೆಯ ಕಟ್ಟೆ ಹತ್ತಿದಾಗ ಮಾಬುಬೀ ಅಲ್ಲೇ ಹುಣಸೆಹಣ್ಣು ಬಿಡಿಸುತ್ತಿದ್ದಳು. ಮಸ್ಕಿಯ ಆ ಓಣಿಯಲ್ಲಿ ಏನು ಕಳೆದರೂ ಜನ ಮೊದಲು ಓಡಿಬರುವುದು ನಿವೃತ್ತ ಶಿಕ್ಷಕಿ ರೇಣುಕಮ್ಮನ ಬಳಿಗೆ. ಪೊಲೀಸರ ಸರದಿ ಆಮೇಲೆ. ಗಂಡ ತೀರಿದ ಮೇಲೆ ಮಾಬುಬೀಯ ಹೊತ್ತು ಹೋಗುತ್ತಿದ್ದುದೂ ಇದೇ ಕಟ್ಟೆಯ ಮೇಲೆ. ಮನೆಗೆ ಹೋದರೆ ಮಾತಿಗೊಂದು ನರಪಿಳ್ಳೆಯೂ ಇರಲಿಲ್ಲ.

ಮುಕ್ತಿಯಾರನದು ಕ್ರೂಸರ್ ಗಾಡಿ. ಬಸ್‌ಸ್ಟ್ಯಾಂಡಿನ ಬಳಿ ಹೊಸದಾಗಿ ಗಾಡಿ ಸಾಮಾನಿನ ಅಂಗಡಿ ಇಟ್ಟ ಗೆಳೆಯ ಆಸೀಫ್ ಮನೆಗೇ ಬಂದು, ಹೆಡ್‌ಲೈಟಿನ ಕಂಪನಿಯ ಮಂಕು ಬಲ್ಬು ತೆಗೆದು ಬೆಳ್ಳಗೆ ಉರಿಯುವ ಎಲ್‌ಇಡಿ ಹಾಕಿಕೊಟ್ಟಿದ್ದ. ಆಗ ಬ್ಯಾಟರಿ ಬೆಳಕು ಹಿಡಿದು ನಿಂತವಳು ಮುಕ್ತಿಯಾರನ ಹೆಂಡತಿ ಆರ್ಜೂ. ಅಂದಿನಿಂದ ರಾತ್ರಿ ಬಾಡಿಗೆಯೂ ಶುರುವಾಗಿತ್ತು.

"ನಿನ್ನೆ ಮುಚ್ಚಂಜಿಗೆ ಮನೀ ಬಿಟ್ಟು ಆಸೀಫನ ಅಂಗಡ್ಯಾಗ ಚಾ ಕುಡದೆ. ಲಿಂಗಸುಗೂರ ರಸ್ತೆ ಹಿಡಿದ್ರ ಏನೂ ಕಾಣವಲ್ದು! ಇಳಿದು ನೋಡಿದ್ರ ಹಳೇ ಬಲ್ಬು. ಚಾ ಕುಡಿಯೋದ್ರಾಗ ಅವನೇ ಬದಲಿ ಮಾಡ್ಯಾನ. ಇವತ್ತ ಕಂಪ್ಲೇಂಟ್ ಕೊಡ್ತೀನಿ."

ಮಾಬುಬೀ ಹುಣಸೆಹಣ್ಣು ಬದಿಗಿಟ್ಟಳು. ಕಳ್ಳನೆಂಬ ಹೆಸರು ಬಂದರೆ ಆಸೀಫ್ ಅಂಗಡಿಯ ಬಾಗಿಲು ಹಾಕಬೇಕಾದೀತು.

"ನಿನ್ನ ಹಳೇ ಬಲ್ಬು ಎಲ್ಲಿಟ್ಟಿದ್ದಿ?" ಎಂದು ರೇಣುಕಮ್ಮ ಕೇಳಿದಳು.

"ಮನ್ಯಾಗ, ಗೋಡಿ ಮಾಡದಾಗ. ಆದ್ರ ಅವನ ಅಂಗಡ್ಯಾಗ ಹಳೇ ಬಲ್ಬಿಗೇನು ಬರ ಐತೇನ್ರೀ?"

ರೇಣುಕಮ್ಮ ಗಾಡಿಯ ಬಾನೆಟ್ ಎತ್ತಿಸಿ ಲೈಟಿನ ಹಿಂದಿನ ರಬ್ಬರಿನ ಮೇಲೆ ಬೆರಳಾಡಿಸಿದಳು. ಬೆರಳು ಬೆಳ್ಳಗಾಯಿತು. "ಧೂಳು," ಎಂದ ಮುಕ್ತಿಯಾರ್. ಅವಳು ಬೆರಳು ಉಜ್ಜಿ ನೋಡಿ ಗೆಳತಿಯತ್ತ ತಿರುಗಿದಳು.

"ಮಾಬುಬೀ, ನಿನ್ನೆ ಮುಚ್ಚಂಜಿಗೆ ಎಲ್ಲಿದ್ದಿ?"

ಮಾಬುಬೀಗೆ ನಾಚಿಕೆಯಾಯಿತು. "ದಿನಾ ಇರೋವಲ್ಲೇ, ನನ್ನ ಮನೀ ಬಾಗಲಾಗ. ಇವನ ಗಾಡಿ ಮನೀ ಬಿಟ್ಟು ಹೊಳ್ಳೋವಾಗ ನನ್ನ ಗೋಡಿಗೆ ಬೆಳಕು ಬೀಳ್ತದ. ಯಾರೋ ಬಂದ್ರು ಅನಸ್ತದ. ದಿನಾ ಬೆಳ್ಳಗ ಬೀಳ್ತಿತ್ತು, ನಿನ್ನೆ ಹಳದಿ ಬಿತ್ತು."

ಮಧ್ಯಾಹ್ನ ರೇಣುಕಮ್ಮ ಆಸೀಫನನ್ನೂ ಆರ್ಜೂಳನ್ನೂ ಕಟ್ಟೆಗೆ ಕರೆಸಿದಳು.

"ಗಾಡಿ ಓಣಿ ಬಿಡೋ ಮೊದ್ಲೇ ಬೆಳಕು ಹಳದಿ ಇತ್ತು. ಅಂದ್ರ ಬಲ್ಬು ಬದಲಾಗಿದ್ದು ಮನೀ ಮುಂದ."

"ಹಂಗಿದ್ರ ಲೈಟ್ ಹಾಕಿದಾಗ ನನಗ ಕಾಣತಿದ್ದಿಲ್ಲೇನ್ರೀ?" ಎಂದ ಮುಕ್ತಿಯಾರ್.

"ಸಂಜಿ ಲೈಟ್ ಹಾಕಿದ ಕೂಡ್ಲೆ ಏನ್ ಮಾಡ್ತೀ?"

ಮುಕ್ತಿಯಾರನ ಕೈಗಳು ತಾವಾಗಿಯೇ ಕಣ್ಣಿಗೆ ಹೋದವು. "ಕಣ್ಣು ಮುಚ್ಚಿ ಬಿಸ್ಮಿಲ್ಲಾ ಅಂತೀನಿ," ಎಂದು ಮೆತ್ತಗಾದ.

"ಕಣ್ಣು ತೆಗೆದ ಕೂಡ್ಲೆ ಹಿಂದ ನೋಡಕೋಂತ ಗಾಡಿ ಹೊಳ್ಳಸ್ತೀ, ಗೋಡಿ ಮ್ಯಾಲಿನ ಬೆಳಕು ನೋಡಂಗಿಲ್ಲ. ಮುಂದ ಬೀದಿ ದೀಪದ ಬೆಳಕು, ಫರಕ್ ತಿಳಿಯಂಗಿಲ್ಲ. ಹಳೇ ಬಲ್ಬು ಇದ್ದದ್ದು ಮನ್ಯಾಗ. ಹಾಕೋದು ನೋಡಿದಾಕಿ ಬ್ಯಾಟ್ರಿ ಹಿಡಿದಾಕಿ. ರಬ್ಬರಿಗೆ ಹತ್ತಿದ್ದು ಧೂಳಲ್ಲ, ಜ್ವಾಳದ ಹಿಟ್ಟು. ಆಸೀಫ ಏನೂ ರೊಟ್ಟಿ ಬಡಿಯಂಗಿಲ್ಲ."

ಆರ್ಜೂ ಸೆರಗಿನ ಗಂಟು ಬಿಚ್ಚಿ ಎಲ್‌ಇಡಿ ಬಲ್ಬುಗಳನ್ನು ಮುಂದಿಟ್ಟಳು.

"ಲೈಟ್ ಮಂಕಿದ್ದಾಗ ಇವರು ಕತ್ತಲಾಗೋದ್ರಾಗ ಮನೀಗೆ ಬರ್ತಿದ್ರು. ಈಗ ಇಬ್ಬರಿಗೆ ರೊಟ್ಟಿ ಮಾಡಿ ಒಬ್ಬಾಕೇ ಕುಂದರ್ತೀನಿ, ಟೀಚರ್. ದಾರಿ ಕಾಣದಿದ್ರ ಹೊಳ್ಳಿ ಬರ್ತಾರ ಅನಕೊಂಡೆ. ಆಸೀಫಣ್ಣನ ಮ್ಯಾಲೆ ಬರ್ತದಂತ ಗೊತ್ತಿದ್ದಿಲ್ಲ."

ಮುಕ್ತಿಯಾರ್ ಬಲ್ಬುಗಳನ್ನು ಎತ್ತಿಕೊಂಡ. ಅವನ್ನು ಗೆಳೆಯನ ಕೈಗಿಟ್ಟ. "ತಪ್ಪಾತಲೇ ಆಸೀಫ. ಇವು ನಿನ್ನ ಅಂಗಡ್ಯಾಗ ಇರ್ಲಿ."

ಮರುದಿನ ಸಂಜೆ ಮಾಬುಬೀ ಎಂದಿನಂತೆ ಬಾಗಿಲಲ್ಲಿ ಕೂತಳು. ಕ್ರೂಸರ್ ಹೊತ್ತು ಮುಳುಗುವ ಮೊದಲೇ ಬಂದು ನಿಂತಿತ್ತು. ಲೈಟು ಹಾಕುವ ಕೆಲಸವೇ ಇರಲಿಲ್ಲ. ಆಚೆ ಮನೆಯಿಂದ ರೊಟ್ಟಿ ಬಡಿಯುವ ಸದ್ದು, ನಡುವೆ ಮುಕ್ತಿಯಾರನ ನಗು ಕೇಳಿಬಂತು. ಅವಳಿಗೆ ನಿಜಕ್ಕೂ ಸಂತೋಷವಾಯಿತು. ಆದರೂ ಕತ್ತಲಾಗುವವರೆಗೆ ಗೋಡೆ ನೋಡುತ್ತ ಕೂತಿದ್ದು, ಆಮೇಲೆ ಎದ್ದು ಒಳಗಿನ ದೀಪವನ್ನು ತಾನೇ ಹಾಕಿಕೊಂಡಳು.