ಏಳನೆಯ ಭವಿಷ್ಯ

ಒಂದೇ ಯಾಕೆ?

ತಗಡಿನ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತಿದ್ದ ಇನ್ಸ್‌ಪೆಕ್ಟರನ ತಲೆಯಲ್ಲಿ ಆ ಪ್ರಶ್ನೆ ನೊಣದಂತೆ ಸುತ್ತುತ್ತಿತ್ತು. ಆರು ಕ್ಯಾಸೆಟ್‌ಗಳಿಗೆ ಆರು ಗೂಡು. ಐದು ತುಂಬಿವೆ. ನಾಲ್ಕನೆಯದು ಖಾಲಿ. ಬಂದವನು ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಬಹುದಿತ್ತು. ಆರನ್ನೂ ಜೇಬಿಗಿಳಿಸಬಹುದಿತ್ತು. ಅಂಗಡಿಯಲ್ಲಿ ಸಾಮಾನು ಆರಿಸಿದ ಹಾಗೆ ಒಂದನ್ನೇ ಆರಿಸಿಕೊಂಡು ಹೋಗಿದ್ದಾನಲ್ಲ? ಅಥವಾ ಇಲ್ಲದ ಗಂಟನ್ನು ಬಿಚ್ಚಲು ತಾನು ಕೂತಿದ್ದೇನೆಯೇ? ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓಡಿರಲೂಬಹುದು.

"ಏನಾದ್ರೂ ಹೊಳೀತಾ ಸಾರ್?" ದಫೇದಾರ ಕೇಳಿದ.

ಇನ್ಸ್‌ಪೆಕ್ಟರ್ ಖಾಲಿ ಗೂಡಿನೊಳಗೆ ಬೆರಳಾಡಿಸಿದ. ಠಾಣೆಯಲ್ಲಿ ಇನ್ಸ್‌ಪೆಕ್ಟರನಿಗೆ ಮೌನಿ ಸಾಹೇಬ ಎಂಬ ಅಡ್ಡಹೆಸರಿತ್ತು. ಅದು ಅವನಿಗೂ ಗೊತ್ತಿತ್ತು. ಅದರ ಬಗ್ಗೆಯೂ ಅವನು ಏನೂ ಹೇಳಿರಲಿಲ್ಲ.

ಪೊಲೀಸರಿಗೆ ಫೋನ್ ಮಾಡಿದವಳು ಪತ್ರಿಕೆಯ ಉಪಸಂಪಾದಕಿ. ಅವಳ ಮಾತಿಗೆ ಪೂರ್ಣವಿರಾಮ ಕಡಿಮೆ.

"ನಮ್ಮದು ಭವಿಷ್ಯದ ಪತ್ರಿಕೆ ಸಾರ್. ರಾಶಿಫಲ ಅಲ್ಲ ಮತ್ತೆ, ಎಲ್ಲರೂ ಹಾಗೇ ಅಂದ್ಕೋತಾರೆ. ಮುಂದೆ ಜನ ಹೇಗೆ ಬದುಕ್ತಾರೆ, ಏನು ಕೆಲಸ ಮಾಡ್ತಾರೆ, ಮನೆಗಳು ಹೇಗಿರ್ತಾವೆ, ಅದರ ಅಧ್ಯಯನ. ಮೊದಲ ಸಂಚಿಕೆಗೆ ಆರು ಜನ ತಜ್ಞರನ್ನ ಒಬ್ಬೊಬ್ಬರಾಗಿ ಈ ರೂಮಲ್ಲಿ ಕೂರಿಸಿ, ಹನ್ನೆರಡು ವರ್ಷ ಆದ್ಮೇಲೆ ಏನಾಗಿರುತ್ತೆ ಅಂತ ಟೇಪಿಗೆ ಹೇಳಿಸಿದ್ರಂತೆ. ಅಚ್ಚು ಹಾಕುವಾಗ ಹೆಸರು ಹಾಕಲಿಲ್ಲ. ಹೆಸರಿದ್ರೆ ದೊಡ್ಡವರ ಮಾತಿಗೆಲ್ಲ ತಲೆ ಅಲ್ಲಾಡಿಸ್ತಾರಲ್ಲ, ಅದಕ್ಕೆ."

"ಟೇಪಿನ ಮೇಲೆ?"

"ಬರೀ ನಂಬರು. ಅದೂ ಆಮೇಲೆ ಕಲೆಸಿ ಹಾಕಿದ್ದು. ತನ್ನದು ಯಾವ ನಂಬರು ಅಂತ ಮಾತಾಡಿದವರಿಗೂ ಗೊತ್ತಿಲ್ಲ. ಆಮೇಲೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ್ದು. ಇವತ್ತು ಸಂಜೆ ಓದುಗರ ಮುಂದೆ ಆರನ್ನೂ ಪೂರ್ತಿ ಕೇಳಿಸಿ, ಯಾರ ಮಾತು ನಿಜವಾಯ್ತೋ ನೋಡಿ ಅಂಕ ಕೊಡಬೇಕು."

"ನಡುವೆ ಯಾರೂ ತೆಗೆದಿಲ್ಲ?"

"ಮುಟ್ಟೋ ಹಾಗೇ ಇಲ್ಲ ಸಾರ್. ಯಜಮಾನರದ್ದೇ ನಿಯಮ."

ಇನ್ಸ್‌ಪೆಕ್ಟರ್ ಒಡೆದ ಅರಗಿನ ಚೂರೊಂದನ್ನು ಬೆಳಕಿಗೆ ಹಿಡಿದ. ಮೇಲಿನ ಪದರ ಕಡುಗೆಂಪು. ಅದರಡಿ ಕಂದು ಬಣ್ಣದ ಇನ್ನೊಂದು ಪದರ. ಅವನು ಚೂರನ್ನು ಜೇಬಿಗೆ ಹಾಕಿಕೊಂಡ.

"ಬೀಗದ ಕೈ?"

"ಅಗೋ, ಮೊಳೆಗೆ ನೇತಾಡ್ತಿದೆ. ಯಾರು ಬೇಕಾದ್ರೂ ತಗೋಬಹುದು."

ಅಷ್ಟರಲ್ಲಿ ಆ ಯಜಮಾನರೇ, ಪತ್ರಿಕೆಯ ಸಂಪಾದಕರು, ಒಳಗೆ ಬಂದರು. ಎಪ್ಪತ್ತರ ಆಸುಪಾಸು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು.

"ಸಂಜೆ ಆರಕ್ಕೆ ಆರೂ ಟೇಪು ಕೇಳಿಸದಿದ್ರೆ ಪತ್ರಿಕೆ ಇವತ್ತಿಗೇ ಬಂದ್. ಹೇಳಿದ ಮಾತಿಗೆ ಲೆಕ್ಕ ಒಪ್ಪಿಸದೆ ಇನ್ನೊಂದು ನಾಳೆಯ ಬಗ್ಗೆ ಬರೆಯೋ ಮುಖ ನನಗಿಲ್ಲ."

ಹೇಳಿದ್ದು ಇನ್ಸ್‌ಪೆಕ್ಟರನಿಗೆ. ಆದರೆ ಅವರ ಕಣ್ಣು ಕಿಟಕಿಯ ಬಳಿಯ ಮೇಜಿನ ಕಡೆಗಿತ್ತು. ಅಲ್ಲಿ ಅವರ ಹೆಂಡತಿ ಚಂದಾದಾರರ ಪ್ರತಿಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದರು. ಕಚೇರಿಗೆಲ್ಲ ಅವರು ಅಮ್ಮ.

"ಮೊದಲು ಗುಂಡಿ ಸರಿ ಹಾಕ್ಕೊಳ್ರೀ. ಆಮೇಲೆ ಬಂದ್ ಮಾಡೋರಂತೆ," ಎಂದರು ಅಮ್ಮ. ಆಮೇಲೆ ಇನ್ಸ್‌ಪೆಕ್ಟರನತ್ತ ತಿರುಗಿ, "ನನ್ನ ಬೆರಳೂ ಮೊದಲಿನ ಹಾಗಿಲ್ಲಪ್ಪ. ಮೊದಲ ಸಂಚಿಕೆ ಪೂರ್ತಿ ಟೈಪ್ ಮಾಡಿದ ಬೆರಳು ಇವು. ಈಗ ಚೀಟಿ ಅಂಟಿಸೋಕೂ ಅಳ್ತಾವೆ."

"ಊರೆಲ್ಲ ನಕ್ಕಿತ್ತು ನನ್ನ ನೋಡಿ," ಸಂಪಾದಕರು ಹೆಂಡತಿಯನ್ನು ತೋರಿಸಿದರು. "ಪತ್ರಿಕೆ ನಡೆಯುತ್ತೆ ಅಂತ ನಂಬಿದವಳು ಇವಳೊಬ್ಬಳೇ."

ಅಮ್ಮ ಮುಂದಿನ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದರು.

* * *

ಗೂಡಿನ ಬಟ್ಟೆಗೆ ಅಂಟಿಕೊಂಡಿದ್ದ ಐದು ಕ್ಯಾಸೆಟ್‌ಗಳನ್ನು ಉಗುರು ಹಾಕಿ ಬಿಡಿಸಬೇಕಾಯಿತು. ಐದನ್ನೂ ಓಡಿಸಿ ಕೇಳಿದರು. ಐದು ದನಿಗಳನ್ನೂ ಉಪಸಂಪಾದಕಿ ಗುರುತಿಸಿದಳು. ದನಿ ಸಿಗದೆ ಉಳಿದವರು ಒಬ್ಬರೇ, ಅರ್ಥಶಾಸ್ತ್ರದ ಪ್ರೊಫೆಸರ್. ನಿನ್ನೆ ಮಧ್ಯಾಹ್ನ ಅವರು ಕಚೇರಿಗೆ ಬಂದು ಹೋಗಿದ್ದರು.

"ಸಿಕ್ಕಿಬಿದ್ದ ಸಾರ್," ದಫೇದಾರ ಕೈ ಉಜ್ಜಿಕೊಂಡ. "ಅಡುಗೆಮನೆ ಭವಿಷ್ಯ ಈ ಐದರಲ್ಲಿಲ್ಲ. ಅಂದ್ರೆ ಅದು ಅವರದ್ದೇ."

ಹನ್ನೆರಡು ವರ್ಷದಲ್ಲಿ ಯಾವ ಮನೆಯಲ್ಲೂ ಅಡುಗೆಮನೆ ಇರುವುದಿಲ್ಲ ಎಂದು ಆರರಲ್ಲಿ ಒಬ್ಬರು ನುಡಿದಿದ್ದರು. ಓದುಗರು ಅಂದಿನಿಂದ ಅದನ್ನು ಹಿಡಿದು ಜಗ್ಗುತ್ತಿದ್ದರು. ಒಬ್ಬ ಮಹಾತಾಯಿ ಪ್ರತಿ ವರ್ಷ ತಮ್ಮ ಒಲೆಯ ಫೋಟೋ ಕಳಿಸುತ್ತಿದ್ದರು.

ಪ್ರೊಫೆಸರ್ ಮನೆಯ ಬಾಗಿಲು ತೆಗೆದಾಗ ಅವರ ಕೈಯಲ್ಲಿ ಸೌಟಿತ್ತು.

"ಹೌದು, ಆ ಮಾತು ನಂದೇ," ಎಂದು ಮೊದಲೇ ಒಪ್ಪಿಕೊಂಡರು. "ಅವಾಗ ನನ್ನ ಹೆಂಡತಿ ತವರಿಗೆ ಹೋಗಿ ಒಂದು ತಿಂಗಳಾಗಿತ್ತು. ರೆಕಾರ್ಡಿಂಗ್ ದಿನ ಬೆಳಿಗ್ಗೆ ಪಾತ್ರೆ ಸೀಯಿಸಿ, ಕೈ ಸುಟ್ಕೊಂಡು, ಮದ್ದು ಹಚ್ಕೊಂಡು ಹೋಗಿದ್ದೆ. ಅಡುಗೆಮನೇನೇ ಹಾಳಾಗಿ ಹೋಗ್ಲಿ ಅನಿಸಿತ್ತು. ಅದಕ್ಕೊಂದಿಷ್ಟು ಅಂಕಿಅಂಶ ಸೇರಿಸಿದೆ."

"ಬೇಗ ಬನ್ರೀ, ಒಗ್ಗರಣೆ ಸೀದೋಗುತ್ತೆ," ಒಳಗಿನಿಂದ ಹೆಂಡತಿಯ ದನಿ ಬಂತು.

"ಹಾಗಾದ್ರೆ ಟೇಪು ಕದ್ದಿದ್ದು?" ದಫೇದಾರ ಗದರಿದ.

"ಯಾವ ನಂಬರು ಅಂತ ಗೊತ್ತಿದ್ದಿದ್ರೆ ಖಂಡಿತ ಕದೀತಿದ್ದೆ ಕಣಯ್ಯಾ."

ಇನ್ಸ್‌ಪೆಕ್ಟರ್ ಮೊದಲ ಬಾರಿ ನಕ್ಕ. "ಬರ್ತೀವಿ ಸಾರ್. ಸಂಜೆ ಬನ್ನಿ."

ಜೀಪಿನಲ್ಲಿ ದಫೇದಾರ ಮುನಿಸಿಕೊಂಡು ಕೂತ. ಇನ್ಸ್‌ಪೆಕ್ಟರ್ ಹೊರಗೆ ನೋಡುತ್ತಿದ್ದ. ಒಂದೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅದನ್ನು ಬಾಯಿಬಿಟ್ಟು ಹೇಳಬೇಕಲ್ಲ ಎಂಬುದೇ ಅವನ ಈಗಿನ ಕಷ್ಟ.

* * *

ಕಚೇರಿಯಲ್ಲಿ ಅಮ್ಮ ಒಬ್ಬರೇ ಇದ್ದರು. ಉಳಿದವರು ಸಭಾಂಗಣದಲ್ಲಿ ಕುರ್ಚಿ ಹಾಕಿಸಲು ಹೋಗಿದ್ದರು. ಇನ್ಸ್‌ಪೆಕ್ಟರ್ ಮೇಜಿನ ಈಚೆ ಕುಳಿತು, ತಲೆಕೆಳಗಾದ ಚೀಟಿಯ ಪ್ರತಿಯನ್ನು ಎತ್ತಿ ಅವರ ಮುಂದಿಟ್ಟ.

"ಪೊಲೀಸರು ಹೀಗೆ ಸುಮ್ಮನೆ ಕೂತ್ರೆ ಭಯ ಆಗುತ್ತಪ್ಪ. ಬಯ್ಯೋದಾದ್ರೆ ಬೈದುಬಿಡು."

"ಕದ್ದವರು ಉಳಿದ ಐದನ್ನ ಕದಲಿಸೇ ಇಲ್ಲ ಅಮ್ಮ. ಹುಡುಕಲಿಲ್ಲ. ಕೇಳಿ ನೋಡಲಿಲ್ಲ. ನೇರವಾಗಿ ನಾಲ್ಕಕ್ಕೇ ಕೈ ಹಾಕಿದ್ದಾರೆ. ಮಾತಾಡಿದವರಿಗೇ ತಮ್ಮ ನಂಬರು ಗೊತ್ತಿಲ್ಲ. ಯಾವ ನಂಬರಲ್ಲಿ ಏನಿದೆ ಅಂತ ಗೊತ್ತಿರೋದು ಆರನ್ನೂ ಕೇಳಿಕೊಂಡು ಟೈಪ್ ಮಾಡಿದವರಿಗೆ."

ಅಮ್ಮ ಅಂಟಿನ ಕುಂಚವನ್ನು ಒರೆಸಿದರು. ಮತ್ತೆ ಒರೆಸಿದರು.

"ಅದರಲ್ಲಿ ನಂದೂ ಒಂದು ಮಾತಿದೆ ಮಗಾ. ಪ್ರೊಫೆಸರು ಕೈ ತೊಳೆಯೋಕೆ ಎದ್ದು ಹೋದ್ರು. ಮಷೀನು ನಿಲ್ಲಿಸೋದು ಮರೆತೆ. ಅಷ್ಟೊತ್ತಿಗೆ ನನ್ನ ತಂಗಿ ಬಂದ್ಲು. ಈ ಪತ್ರಿಕೆ ನಡೆಯುತ್ತೇನಕ್ಕಾ ಅಂದ್ಲು. ನಾನು ನನ್ನ ಬಾಯಿಗೆ ಬಂದದ್ದು ಅಂದೆ. ಟೈಪ್ ಮಾಡುವಾಗ ಗೊತ್ತಾಯ್ತು. ಅಳಿಸೋಣ ಅಂದ್ರೆ ಅದನ್ನ ಮಾಡೋದು ಹೇಗೋ ತಿಳೀಲಿಲ್ಲ. ಹನ್ನೆರಡು ವರ್ಷ ಇದೆಯಲ್ಲ, ನೋಡ್ಕೊಂಡ್ರಾಯ್ತು ಅಂದ್ಕೊಂಡೆ."

"ಆ ದಿನ ಬಂದೇಬಿಡ್ತು."

"ಇವರು ಕಂಡಕಂಡವರಿಗೆಲ್ಲ ನಾನೊಬ್ಬಳೇ ನಂಬಿದ್ದು ಅಂತ ಹೇಳ್ಕೊಂಡು ತಿರುಗ್ತಾರೆ. ತುಂಬಿದ ಸಭೇಲಿ ಅದನ್ನ ಕೇಳಿಸ್ಕೊಂಡ್ರೆ ಆ ಮುಖ ಹೇಗಾಗುತ್ತೋ. ಒಂದು ಟೇಪು ಕಮ್ಮಿಯಾದ್ರೆ ಐದರಲ್ಲಿ ಮುಗಿಸ್ತಾರೆ ಅಂದ್ಕೊಂಡಿದ್ದೆ. ಪತ್ರಿಕೇನೇ ಮುಚ್ತೀನಿ ಅಂತಾರೆ ಅಂತ ಯಾರಿಗೆ ಗೊತ್ತಿತ್ತು?"

ಕೈಚೀಲದಿಂದ ಔಷಧಿ ಡಬ್ಬಿ ತೆಗೆದರು. ಮಾತ್ರೆಗಳ ಕೆಳಗೆ ಕ್ಯಾಸೆಟ್ ಇತ್ತು.

"ಮುರಿಯೋಕೂ ಕೈ ಬರಲಿಲ್ಲ. ತಗೋ. ಪತ್ರಿಕೆ ಉಳೀಲಿ. ನನ್ನ ಮಾನ ಹೋದ್ರೆ ಹೋಗ್ಲಿ."

* * *

ಸಭಾಂಗಣ ತುಂಬಿತ್ತು. ಇನ್ಸ್‌ಪೆಕ್ಟರ್ ನಾಲ್ಕನೆಯ ಕ್ಯಾಸೆಟ್ ಮೇಜಿನ ಮೇಲಿಟ್ಟ. ಉಪಸಂಪಾದಕಿ ಬಾಯಿ ತೆರೆಯುವ ಮೊದಲೇ ಅಮ್ಮ ಎದ್ದು ನಿಂತರು.

"ಕಳ್ಳಿ ನಾನೇ. ಯಾಕೆ ಅಂತ ಈಗ ನೀವೇ ಕೇಳಿಸ್ಕೋತೀರಿ."

ಟೇಪು ಓಡಿತು. ಅಡುಗೆಮನೆಯ ಭವಿಷ್ಯಕ್ಕೆ ಸಭೆ ಬಿದ್ದು ಬಿದ್ದು ನಕ್ಕಿತು. ಪ್ರೊಫೆಸರ್ ಎದ್ದು ಕೈ ಮುಗಿದರು. ಒಲೆಯ ಫೋಟೋದ ಮಹಾತಾಯಿ ಮುಂದಿನ ಸಾಲಿನಿಂದಲೇ ಹರಸಿದರು. ಆಮೇಲೆ ಟೇಪಿನಲ್ಲಿ ಕುರ್ಚಿ ಸರಿದ ಸದ್ದು. ಬಾಗಿಲು. ಮತ್ತೆ ಬರೀ ಫ್ಯಾನಿನ ಗುಂಯ್ ಎನ್ನುವ ಸದ್ದು.

ಆ ಮೌನದಲ್ಲಿ ಎಲ್ಲರೂ ಟೇಪ್‌ರೆಕಾರ್ಡರ್ ನೋಡುತ್ತಿದ್ದರು. ಇನ್ಸ್‌ಪೆಕ್ಟರ್ ಮಾತ್ರ ಸಂಪಾದಕರನ್ನು ನೋಡುತ್ತಿದ್ದ. ಅವರ ತುಟಿಯಂಚಿನಲ್ಲಿ ಆಗಲೇ ನಗು ಇತ್ತು. ಅವರ ಕೈ ಆಗಲೇ ಹೆಂಡತಿಯ ಕೈಯ ಮೇಲಿತ್ತು.

ಅಮ್ಮನ ದನಿ ಬಂದದ್ದು ಅದಾದ ಮೇಲೆ.

"ನಡೆಯೋದು ಎಲ್ಲಿಂದ ಬಂತೇ? ಎರಡು ಸಂಚಿಕೆ ಬಂದ್ರೆ ಹೆಚ್ಚು. ಇವರಿಗೆ ನಾಳೆ ತರಕಾರಿ ತರಬೇಕು ಅನ್ನೋದೇ ನೆನಪಿರಲ್ಲ, ಹನ್ನೆರಡು ವರ್ಷದ ಮಾತಂತೆ. ಏನೋ ಆಸೆಪಟ್ರು, ಹೂಂ ಅಂದೆ."

ಸಂಪಾದಕರು ಎದ್ದರು. ಮೂಗಿನ ಮೇಲೆ ಕನ್ನಡಕ ಏರಿಸಿದರು.

"ಆರು ಭವಿಷ್ಯ ಅಂದ್ಕೊಂಡಿದ್ವಿ. ಏಳಿದ್ದವು. ಏಳನೆಯದಕ್ಕೆ ನಮ್ಮ ಪತ್ರಿಕೆ ಕೊಡೋ ಅಂಕ, ಸೊನ್ನೆ."

"ತರಕಾರಿ ವಿಷಯಕ್ಕಾದ್ರೂ ನೂರಕ್ಕೆ ನೂರು ಕೊಡ್ರೀ," ಎಂದರು ಅಮ್ಮ.

ನಗು ಬೀದಿಯವರೆಗೂ ಕೇಳಿಸಿತು.

* * *

"ಮುಚ್ಚಿಹೋದ ಕೇಸು ಸಾರ್," ಹೊರಗೆ ದಫೇದಾರ ಹೇಳಿದ. "ದೂರೇ ಬೇಡವಂತೆ. ನಮಗೆ ಒಂದು ವರ್ಷದ ಚಂದಾ ಪುಕ್ಕಟೆಯಂತೆ."

ಇನ್ಸ್‌ಪೆಕ್ಟರ್ ಜೇಬಿನಿಂದ ಅರಗಿನ ಚೂರು ತೆಗೆದ. ಒಳಗೆ ಕಂದು, ಮೇಲೆ ಕೆಂಪು. ಎಂದೋ ಒಂದು ದಿನ ನಿಯಮ ಮಾಡಿದ ಸಂಪಾದಕರೇ ಮೊದಲ ಮುದ್ರೆ ಒಡೆದು ನಿಯಮ ಮುರಿದಿದ್ದರು. ಹೆಂಡತಿಯ ಮಾತು ಕೇಳಿದ್ದರು. ಮತ್ತೆ ಅರಗು ಒತ್ತಿ, ಮುಂದಿನ ಸಂಚಿಕೆಯ ಕೆಲಸಕ್ಕೆ ಕೂತಿದ್ದರು. ಟೇಪು ತೆಗೆದವರು ಯಾರೆಂದು ಅವರಿಗೆ ಗೊತ್ತಿತ್ತು; ಬಂದ್ ಮಾಡುತ್ತೇನೆಂಬ ಬೆಳಗಿನ ಮಾತು ಕಿಟಕಿಯ ಬಳಿ ಕೂತಿದ್ದ ಹೆಂಡತಿಯ ಕಡೆಗೇ ಯಾಕೆ ಹೋಯಿತೆಂದು ಅವನಿಗೀಗ ಅರ್ಥವಾಯಿತು.

ಬಾಗಿಲಲ್ಲಿ ಅಮ್ಮ ಸಿಕ್ಕರು. ಕಣ್ಣೊರೆಸಿಕೊಂಡು ನಗುತ್ತಿದ್ದರು. "ನೋಡಿದ್ಯಾ ಮಗಾ, ಅಷ್ಟು ಜನರ ಮುಂದೆ ಮೊದಲ ಸಲ ಕೇಳಿಯೂ ಎಷ್ಟು ಸಲೀಸಾಗಿ ತಗೊಂಡ್ರು."

"ಹೌದಮ್ಮ," ಎಂದ ಇನ್ಸ್‌ಪೆಕ್ಟರ್.

ಅವರು ಅದನ್ನು ಕೇಳಿದ್ದು ಮೊದಲ ಸಲವಲ್ಲ ಎಂದು ಅವನು ಹೇಳಲಿಲ್ಲ.